ಅಂಗಿಯಿಲ್ಲದ ಸುಖಿ

ಹಣವನ್ನು ಕೈಯಲ್ಲಿ ಹಿಡಿಯುವ ಮೊದಲೇ ಮನುಷ್ಯನು ಹಣದ ಕಥೆಯನ್ನು ಕೇಳಿರುತ್ತಾನೆ. ಚಿನ್ನದ ಮೊಟ್ಟೆಯಿಡುವ ಕೋಳಿಯ ಹೊಟ್ಟೆಯನ್ನು ಸೀಳಿದ ಆಸೆಬುರುಕನ ಕಥೆ, ಮುಟ್ಟಿದ್ದೆಲ್ಲ ಹೊನ್ನಾಗಲೆಂದು ವರ ಬೇಡಿ ತುತ್ತು ಅನ್ನಕ್ಕೆ ಗತಿಯಿಲ್ಲದಾದ ದೊರೆಯ ಕಥೆ, ನೀರಿಗೆ ಬಿದ್ದ ಕೊಡಲಿಗಾಗಿ ಅತ್ತ ಸೌದೆಯವನ ಕಥೆ – ಇವನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ಅಪರೂಪ. ಅಜ್ಜಿಯ ಮಗ್ಗುಲಲ್ಲಿ ಮಲಗಿ, ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನ ನಡುವೆ ಕೇಳಿದ ಈ ಕಥೆಗಳು, ಮುಂದೆ ನಾವು ಓದುವ ಅರ್ಥಶಾಸ್ತ್ರದ ಗ್ರಂಥಗಳಿಗಿಂತ ಆಳವಾಗಿ ನಮ್ಮೊಳಗೆ ಬೇರೂರುತ್ತವೆ. ಸಿರಿ ಎಂದರೇನು, ಸ್ನೇಹ ಎಂದರೇನು, ಸುಖ ಎಂದರೇನು ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ಮೊದಲ ಉತ್ತರಗಳು ದೊರೆಯುವುದು ಇಲ್ಲಿಯೇ. ಆದುದರಿಂದ ಮಕ್ಕಳ ಕಥೆಯನ್ನು ಹಗುರವಾಗಿ ಕಾಣಬಾರದು. ಬಿತ್ತುವ ಬೀಜವನ್ನು ಆರಿಸುವಷ್ಟೇ ಎಚ್ಚರದಿಂದ ಅದನ್ನೂ ಆರಿಸಬೇಕು.

ಇಂಥ ಕಥೆಗಳಲ್ಲಿ ಬಹಳ ಹೆಸರಾದುದು ಸುಖಿಯ ಅಂಗಿಯ ಕಥೆ. ಒಬ್ಬ ಅರಸನಿಗೆ ಹೆಸರಿಲ್ಲದ ಬೇನೆ. ರಾಜವೈದ್ಯರೆಲ್ಲ ಸೋತು ಕೈಚೆಲ್ಲಿದ ಮೇಲೆ ಜಾಣನೊಬ್ಬನು ಬಂದು, ಸಂಪೂರ್ಣ ಸುಖಿಯಾದ ಮನುಷ್ಯನೊಬ್ಬನ ಅಂಗಿಯನ್ನು ತಂದು ತೊಡಿಸಿದರೆ ಬೇನೆ ವಾಸಿಯಾಗುವುದೆಂದು ಹೇಳುತ್ತಾನೆ. ರಾಜಭಟರು ನಾಡೆಲ್ಲ ಅಲೆಯುತ್ತಾರೆ. ಹಣವಿದ್ದವನಿಗೆ ಕಳ್ಳರ ಭಯ. ಅಧಿಕಾರವಿದ್ದವನಿಗೆ ಹಗೆಗಳ ಭಯ. ಆರೋಗ್ಯವಿದ್ದವನಿಗೆ ಮಕ್ಕಳಿಲ್ಲದ ಕೊರಗು. ಮಕ್ಕಳಿದ್ದವನಿಗೆ ಮಕ್ಕಳದೇ ಕೊರಗು. ಕೊನೆಗೆ ಒಂದು ಸಂಜೆ ಮುರುಕು ಗುಡಿಸಲೊಂದರ ಒಳಗಿನಿಂದ, ದುಡಿದೆ, ಉಂಡೆ, ಇನ್ನು ನಿದ್ದೆ ಮಾಡುವೆ, ನನಗೇನು ಕಡಮೆ ಎಂಬ ಮಾತು ಕೇಳಿಬರುತ್ತದೆ. ಭಟರು ಹಿಗ್ಗಿನಿಂದ ಒಳಗೆ ನುಗ್ಗುತ್ತಾರೆ. ನೋಡಿದರೆ ಆ ಸುಖಿಯ ಮೈಮೇಲೆ ಅಂಗಿಯೇ ಇಲ್ಲ! ಯುರೋಪಿನ ಹಲವು ದೇಶಗಳಲ್ಲಿ ಈ ಕಥೆ ಹರಡಿದೆ. ರಷ್ಯಾದ ಮಹಾಲೇಖಕ ಟಾಲ್‌ಸ್ಟಾಯ್ ಮಕ್ಕಳಿಗಾಗಿ ಬರೆದ ಕಿರುಗತೆಗಳಲ್ಲಿಯೂ ಇದು ಸೇರಿದೆ. ಅಲ್ಲಿಂದ ಹೊರಟು ನಮ್ಮ ತರಗತಿಗಳಿಗೂ ಬಂದಿದೆ.

ಕಥೆ ಸೊಗಸಾಗಿದೆ. ಅರಮನೆಯ ಗರ್ವವು ಗುಡಿಸಲಿನ ಬಾಗಿಲಲ್ಲಿ ತಲೆತಗ್ಗಿಸುವುದನ್ನು ಕಂಡು ಕೇಳುವವರಿಗೆ ಸಂತೋಷವಾಗುತ್ತದೆ. ಹಣದಿಂದ ಎಲ್ಲವನ್ನೂ ಕೊಳ್ಳಬಹುದೆಂದು ನಂಬಿದವನಿಗೆ ಅದರಲ್ಲಿ ತಕ್ಕ ಬುದ್ಧಿವಾದವೂ ಇದೆ. ಅಷ್ಟರಮಟ್ಟಿಗೆ ಅದು ಒಪ್ಪತಕ್ಕ ಮಾತೇ ಸರಿ. ಆದರೆ ಹೇಳುವವರು ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕಥೆ ಮುಗಿದ ಕೂಡಲೆ, ಇದರ ನೀತಿ ಏನೆಂಬ ಪ್ರಶ್ನೆ ಹುಟ್ಟುತ್ತದೆ. ಸಿರಿವಂತರಿಗೆ ಸುಖವಿಲ್ಲ, ಬಡವರೇ ನಿಜವಾದ ಸುಖಿಗಳು ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಕ್ಕಳು ಅದನ್ನು ದುಂಡಗೆ ಬರೆದುಕೊಳ್ಳುತ್ತಾರೆ. ಈ ನೀತಿಯನ್ನು ನಾನು ಒಪ್ಪಲಾರೆ. ಅದು ಸತ್ಯವಲ್ಲ, ಸತ್ಯವಲ್ಲದಿರುವುದರ ಜೊತೆಗೆ ಅದು ನಿರ್ದಯವಾದ ಮಾತೂ ಹೌದು.

ಕುಂದಾಪುರದ ದಕ್ಷಿಣಕ್ಕೆ, ಕೋಟೇಶ್ವರ ಕುಂಭಾಶಿಗಳ ನಡುವೆ, ಕಡಲಿಗೆ ಮೈಯೊಡ್ಡಿಕೊಂಡಿರುವ ಊರು ಬೀಜಾಡಿ. ಪಡುವಣದಲ್ಲಿ ಅರಬ್ಬೀ ಸಮುದ್ರ, ಅದರ ತಡಿಯಲ್ಲಿ ತೆಂಗಿನ ಸಾಲು, ಮೂಡಣಕ್ಕೆ ಗದ್ದೆ ಬಯಲು. ಈ ಊರಿನ ಕಡೆಯ ಮಕ್ಕಳಿಗೆ ಸುಖಿಯ ಅಂಗಿಯ ಕಥೆಯನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದದ್ದುಂಟು: "ಮಾಸ್ಟ್ರೇ, ಮಳೆಗಾಲದಲ್ಲಿ ಅವನಿಗೆ ಚಳಿಯಾಗುತ್ತಿರಲಿಲ್ಲವೆ?" ತರಗತಿ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಕಡಲತಡಿಯವರಿಗೆ ಮಳೆಗಾಲವೆಂದರೆ ದೋಣಿಗಳು ದಡ ಸೇರುವ ಕಾಲ, ಸಂಪಾದನೆ ನಿಲ್ಲುವ ಕಾಲ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಕಾಲ. ಎರಡನೆಯ ಅಂಗಿ ಇಲ್ಲದ ಹುಡುಗನಿಗೆ ಅಂಗಿಯ ಬೆಲೆ ಗೊತ್ತು. ಅವನ ಮುಂದೆ ನಿಂತು, ಅಂಗಿಯಿಲ್ಲದವನೇ ಸುಖಿ ಎಂದು ಹೇಳುವುದು ಅವನ ಅನುಭವವನ್ನೇ ಸುಳ್ಳೆಂದು ಹೇಳಿದಂತೆ. ಮಗುವು ಹಿರಿಯರ ಮಾತನ್ನು ನಂಬಬೇಕೆ, ತನ್ನ ಮೈಯ ನಡುಕವನ್ನು ನಂಬಬೇಕೆ? ಈ ಇಕ್ಕಟ್ಟಿಗೆ ಅದನ್ನು ಸಿಕ್ಕಿಸುವ ನೀತಿ ನೀತಿಯೇ ಅಲ್ಲ.

ಇದಕ್ಕಿಂತ ದೊಡ್ಡ ಕೆಡುಕು ಇನ್ನೊಂದಿದೆ. ಬಡವನು ಸುಖಿಯೆಂದು ಒಮ್ಮೆ ತೀರ್ಮಾನವಾದರೆ, ಉಳ್ಳವನಿಗೆ ಕರ್ತವ್ಯವೇ ಉಳಿಯುವುದಿಲ್ಲ. ಸುಖಿಯಾದವನಿಗೆ ಯಾರು ಏಕೆ ಅಂಗಿ ಕೊಡಬೇಕು? ಅವನ ಗುಡಿಸಲಿನ ಮಾಡನ್ನು ಏಕೆ ಹೊದಿಸಬೇಕು? ಕಥೆಯನ್ನು ಮತ್ತೊಮ್ಮೆ ನೋಡಿ. ರಾಜಭಟರು ಆ ಗುಡಿಸಲಿಗೆ ಹೋದದ್ದು ಬೇಡುವುದಕ್ಕೆ. ಬಡವನ ಮೈಮೇಲೆ ಒಂದು ಅಂಗಿ ಇದ್ದಿದ್ದರೆ ಅದನ್ನೂ ಅರಸನಿಗಾಗಿ ಒಯ್ಯುತ್ತಿದ್ದರು. ಅರಮನೆಯ ಉಗ್ರಾಣದಿಂದ ಒಂದು ಅಂಗಿಯನ್ನು ತಂದು ಅವನಿಗೆ ತೊಡಿಸಬೇಕೆಂದು ಕಥೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೇಳುವ ನಮಗೂ ಹೊಳೆಯದಂತೆ ಕಥೆಯ ಜಾಣ್ಮೆ ಮಾಡಿಬಿಡುತ್ತದೆ.

ನಮ್ಮ ಪುರಾತನರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರಾಗಿದ್ದರು. ಮಹಾಭಾರತದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ದ್ರೋಣರು ಇನ್ನೂ ಕುರುಕುಮಾರರಿಗೆ ಗುರುವಾಗಿರಲಿಲ್ಲ. ಕಡು ಬಡತನ ಅವರದು. ಉಳ್ಳವರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಅವರ ಮಗ ಅಶ್ವತ್ಥಾಮನೂ ಹಾಲು ಬೇಕೆಂದು ಅಳುತ್ತಾನೆ. ಮನೆಯಲ್ಲಿ ಹಸುವಿಲ್ಲ, ಹುಡುಕಿ ಹೋದರೂ ಹಸು ದೊರೆಯುವುದಿಲ್ಲ. ಜೊತೆಗಾರ ಹುಡುಗರು ಹಿಟ್ಟನ್ನು ನೀರಿನಲ್ಲಿ ಕದಡಿ ಹಾಲೆಂದು ಕೊಡುತ್ತಾರೆ. ಕುಡಿದ ಮಗು, ತಾನು ಹಾಲು ಕುಡಿದೆನೆಂದು ಕುಣಿಯುತ್ತದೆ. ಸುತ್ತಲಿನ ಹುಡುಗರು ನಗುತ್ತಾರೆ. ಆ ಕ್ಷಣದಲ್ಲಿ ಅಶ್ವತ್ಥಾಮನು ಸುಖಿಯಾಗಿದ್ದನೆಂಬುದರಲ್ಲಿ ಸಂಶಯವಿಲ್ಲ. ಆದರೆ ವ್ಯಾಸರು, ನೋಡಿ, ಬಡ ಮಗು ಎಷ್ಟು ಸುಖವಾಗಿದೆ ಎಂದು ಕಥೆಯನ್ನು ಅಲ್ಲಿ ಮುಗಿಸಲಿಲ್ಲ. ಆ ಕುಣಿತವನ್ನು ಕಂಡ ತಂದೆಯ ಕರುಳು ಕತ್ತರಿಸಿಹೋದುದನ್ನು ಅವರು ಹೇಳುತ್ತಾರೆ. ಅಂಗಿಯಿಲ್ಲದ ಸುಖಿಯ ಕಥೆಯಲ್ಲಿ ಕಾಣದಿರುವುದು ಈ ತಂದೆಯ ಕಣ್ಣು. ಹಿಟ್ಟಿನ ನೀರು ಕುಡಿದು ಕುಣಿದ ಮಗುವಿನ ನಗೆಯು ಹಾಲಿನ ಅಗತ್ಯವನ್ನು ಅಳಿಸುವುದಿಲ್ಲ.

ಅಂಗಿಯನ್ನು ಬಿಟ್ಟ ಮಹಾಪುರುಷರೊಬ್ಬರು ನಮ್ಮ ದೇಶದಲ್ಲಿಯೇ ಇದ್ದರು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿಯವರು ತಮ್ಮ ಹಳೆಯ ಉಡುಪನ್ನು ತ್ಯಜಿಸಿ ತುಂಡುಪಂಚೆಯೊಂದನ್ನೇ ಉಡತೊಡಗಿದರು. ಬಟ್ಟೆಯಿಲ್ಲದವರು ಸುಖಿಗಳೆಂದು ಅವರು ಹಾಗೆ ಮಾಡಲಿಲ್ಲ. ಈ ದೇಶದ ಕೋಟ್ಯಂತರ ಬಡವರಿಗೆ ಮೈತುಂಬ ಬಟ್ಟೆಯಿಲ್ಲವೆಂಬ ನೋವಿನಿಂದ ಮಾಡಿದರು. ಅದೇ ನೋವಿನಿಂದ ರಾಟೆಯನ್ನು ಹಿಡಿದು, ಮನೆಮನೆಯಲ್ಲಿ ನೂಲಿರೆಂದು ದೇಶಕ್ಕೆ ಕರೆಕೊಟ್ಟರು. ತಾನಾಗಿ ಬಿಟ್ಟ ಅಂಗಿಗೂ ಎಂದೂ ದೊರೆಯದ ಅಂಗಿಗೂ ನೆಲಮುಗಿಲಿನ ಅಂತರವಿದೆ. ಮೊದಲನೆಯದು ತ್ಯಾಗ, ಎರಡನೆಯದು ಅನ್ಯಾಯ. ಎರಡನ್ನೂ ಒಂದೇ ಎಂದು ತಿಳಿಸುವ ಕಥೆ ಮಕ್ಕಳಿಗೆ ಹಿತವಾದುದಲ್ಲ.

ಹಾಗಾದರೆ ಸಿರಿಯೇ ಸುಖವೆಂದು ಕಲಿಸಬೇಕೆ? ಅದೂ ಸಲ್ಲದು. ಬೇಕೆಂದುದನ್ನು ಕೊಂಡರೆ ಬಾಳು ಹಸನಾಗುವುದೆಂಬ ಬೋಧನೆ ಇಂದು ರಸ್ತೆಯ ಬದಿಯ ಫಲಕಗಳಿಂದಲೂ ಅಂಗೈಯಗಲದ ಮೊಬೈಲ್ ಫೋನಿನ ತೆರೆಯಿಂದಲೂ ಮಕ್ಕಳ ಮೇಲೆ ಹಗಲಿರುಳು ಸುರಿಯುತ್ತಿದೆ. ಅದಕ್ಕೆ ನಮ್ಮ ಪಾಠದ ಸಹಾಯ ಬೇಕಿಲ್ಲ. ಸಿರಿಯನ್ನು ಪೂಜಿಸದೆ, ಬಡತನವನ್ನೂ ಹೊಗಳದೆ, ಎರಡನ್ನೂ ಇದ್ದಂತೆ ತೋರಿಸುವ ಕಥೆ ಯಾವುದು? ಅಂಥದೊಂದು ನಮ್ಮಲ್ಲಿ ಬಹು ಹಿಂದಿನಿಂದಲೂ ಇದೆ. ಅದು ಪಂಚತಂತ್ರದ ಇಲಿಯ ಕಥೆ.

ಪಂಚತಂತ್ರವು ಕನ್ನಡಿಗರಿಗೆ ಹೊಸದಲ್ಲ. ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿಗೆ, ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಅನುಸರಿಸಿ, ಅದನ್ನು ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದನು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಐದು ತಂತ್ರಗಳಲ್ಲಿ ಸ್ನೇಹದ ಹೆಸರನ್ನು ಹೊತ್ತ ಮಿತ್ರಕಾರ್ಯವೇ ಅಲ್ಲಿ ಕೊನೆಯದು. ಆ ವೇಳೆಗೆ ಪಂಚತಂತ್ರವು ಹೊರನಾಡುಗಳನ್ನೂ ಸೇರಿತ್ತು. ಆರನೆಯ ಶತಮಾನದಲ್ಲಿ ಪರ್ಶಿಯಾದ ಪಹ್ಲವಿ ಭಾಷೆಗೂ ಎಂಟನೆಯ ಶತಮಾನದಲ್ಲಿ ಅರಬ್ಬಿ ಭಾಷೆಗೂ ಹೋಗಿ, ಅಲ್ಲಿಂದ ಯುರೋಪಿನ ಮಕ್ಕಳ ಕಿವಿಯನ್ನೂ ಮುಟ್ಟಿತು. ಇಲಿಯ ಕಥೆಯನ್ನು ಪ್ರಸಿದ್ಧವಾದ ಸಂಸ್ಕೃತ ಪಾಠದಲ್ಲಿರುವಂತೆ ಇಲ್ಲಿ ಸಂಗ್ರಹವಾಗಿ ಹೇಳಬಹುದು.

ಹಿರಣ್ಯಕನೆಂಬ ಇಲಿ ಒಂದು ಮಠದಲ್ಲಿ ವಾಸವಾಗಿತ್ತು. ಹಿರಣ್ಯವೆಂದರೆ ಚಿನ್ನ, ಹೆಸರಿಗೆ ತಕ್ಕಂತೆ ಅದರ ಬಿಲದ ಆಳದಲ್ಲಿ ಹಣದ ರಾಶಿಯಿತ್ತು. ಮಠದ ಸಂನ್ಯಾಸಿ ಭಿಕ್ಷೆಯ ಪಾತ್ರೆಯನ್ನು ಎತ್ತರದ ಗೂಟಕ್ಕೆ ತೂಗುಹಾಕಿದರೂ ಹಿರಣ್ಯಕ ಒಂದೇ ನೆಗೆತಕ್ಕೆ ಅದನ್ನು ಮುಟ್ಟುತ್ತಿತ್ತು. ತಾನೂ ತಿಂದು ತನ್ನ ಪರಿವಾರದ ಇಲಿಗಳಿಗೂ ಕೆಡವುತ್ತಿತ್ತು. ಸಂನ್ಯಾಸಿ ಬಿದಿರುಕೋಲನ್ನು ಬಡಿದು ಬಡಿದು ಸೋತನು. ಅವನ ಅತಿಥಿಯಾಗಿ ಬಂದವನೊಬ್ಬನು ಯೋಚಿಸಿ, ಇಲಿಯೊಂದು ಇಷ್ಟೆತ್ತರ ನೆಗೆಯಬೇಕಾದರೆ ಅದರ ಬಿಲದೊಳಗೆ ನಿಧಿಯಿರಬೇಕು, ಹಣದ ಕಾವೇ ಅದಕ್ಕೆ ಈ ಬಲವನ್ನು ಕೊಟ್ಟಿರಬೇಕು ಎಂದನು. ಬಿಲವನ್ನು ಅಗೆದರು, ನಿಧಿ ದೊರೆಯಿತು, ಅದನ್ನು ಎತ್ತಿಕೊಂಡರು. ಮರುದಿನ ಹಿರಣ್ಯಕ ನೆಗೆಯಿತು. ಪಾತ್ರೆಯ ಹತ್ತಿರಕ್ಕೂ ಹೋಗಲಾಗದೆ ನೆಲಕ್ಕೆ ಬಿದ್ದಿತು. ಇವನಿಂದ ನಮಗೆ ಇನ್ನು ಹೊಟ್ಟೆ ತುಂಬದೆಂದು ಪರಿವಾರವೆಲ್ಲ ಅದರ ಹಗೆಗಳ ಕಡೆಗೆ ನಡೆಯಿತು. ಕಳೆದ ಹಣವನ್ನು ಮರಳಿ ತರಬೇಕೆಂದು ರಾತ್ರಿಯಲ್ಲಿ ಹೋದ ಹಿರಣ್ಯಕನಿಗೆ ಕೋಲಿನ ಪೆಟ್ಟು ಬಿದ್ದು ಜೀವವೊಂದು ಉಳಿಯಿತು. ಕೊನೆಗೆ ಅದು ಮಠವನ್ನು ಬಿಟ್ಟು ಕಾಡಿಗೆ ಹೋಯಿತು.

ಕಥೆ ಇಷ್ಟಕ್ಕೇ ಮುಗಿದಿದ್ದರೆ, ಹಣವೇ ಬಲವೆಂಬ ನೀತಿಯಷ್ಟೇ ಉಳಿಯುತ್ತಿತ್ತು. ಆದರೆ ಕಾಡಿನಲ್ಲಿ ಹಿರಣ್ಯಕನ ಎರಡನೆಯ ಬಾಳು ಆರಂಭವಾಗುತ್ತದೆ. ಬೇಡನ ಬಲೆಯಲ್ಲಿ ಸಿಕ್ಕಿ, ಬಲೆಯನ್ನೇ ಹೊತ್ತು ಹಾರಿಬಂದ ಪಾರಿವಾಳಗಳ ಕಟ್ಟನ್ನು ಅದು ಹಲ್ಲಿನಿಂದ ಕಡಿದು ಬಿಡಿಸುತ್ತದೆ. ಅದನ್ನು ಕಂಡ ಕಾಗೆಯೊಂದು ಸ್ನೇಹ ಬೇಡುತ್ತದೆ. ಕಾಗೆಗೆ ಇಲಿ ಆಹಾರ. ಹಿರಣ್ಯಕ ಕೂಡಲೇ ನಂಬುವುದಿಲ್ಲ. ಬಿಲದ ಬಾಗಿಲಲ್ಲಿಯೇ ಮಾತು, ವಾದ, ಪರೀಕ್ಷೆ ನಡೆಯುತ್ತವೆ. ನಂಬಿಕೆ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಮುಂದೆ ಆಮೆಯೂ ಜಿಂಕೆಯೂ ಈ ಕೂಟವನ್ನು ಸೇರುತ್ತವೆ. ಜಿಂಕೆ ಉರುಲಿಗೆ ಸಿಕ್ಕಿದಾಗ ಇಲಿ ಅದನ್ನು ಕಡಿಯುತ್ತದೆ. ಆಮೆಯನ್ನು ಬೇಡನು ಕಟ್ಟಿ ಒಯ್ಯುವಾಗ ಜಿಂಕೆ ಕೊಳದ ದಡದಲ್ಲಿ ಸತ್ತಂತೆ ಬಿದ್ದುಕೊಳ್ಳುತ್ತದೆ. ಕಾಗೆ ಅದರ ಕಣ್ಣನ್ನು ಕುಕ್ಕುವಂತೆ ನಟಿಸುತ್ತದೆ. ಬೇಡನು ಆಮೆಯನ್ನು ಇಳಿಸಿ ಅತ್ತ ಓಡಿದೊಡನೆ ಇಲಿ ಕಟ್ಟನ್ನು ಕಡಿಯುತ್ತದೆ. ಆಮೆ ನೀರಿಗೆ, ಜಿಂಕೆ ಕಾಡಿಗೆ, ಕಾಗೆ ಆಕಾಶಕ್ಕೆ. ಬೇಡನ ಕೈ ಬರಿದು.

ಈ ಕಥೆಯ ಹಿರಿಮೆ ಎಲ್ಲಿದೆಯೆಂಬುದನ್ನು ವಿಚಾರಿಸಬೇಕು. ಮೊದಲನೆಯದಾಗಿ, ಹಣಕ್ಕೆ ಬಲವಿಲ್ಲವೆಂದು ಇದು ಎಲ್ಲಿಯೂ ಹೇಳುವುದಿಲ್ಲ. ಹಣವಿದ್ದಾಗ ಹಿರಣ್ಯಕ ನೆಗೆಯಿತು, ಇಲ್ಲದಾಗ ಬಿದ್ದಿತು. ಲೋಕದಲ್ಲಿ ನಾವು ಕಾಣುವುದೂ ಇದನ್ನೇ. ಊಟ, ಔಷಧ, ಪುಸ್ತಕ, ಬಸ್ಸಿನ ಟಿಕೇಟು ಎಲ್ಲಕ್ಕೂ ಹಣ ಬೇಕು. ಚೆನ್ನಾಗಿ ಓದಬಲ್ಲ ಹುಡುಗನು ಓದನ್ನು ಬಿಟ್ಟು ಹೋಟೆಲಿನ ಕೆಲಸಕ್ಕಾಗಿ ಮುಂಬಯಿಯ ದಾರಿ ಹಿಡಿದ ಉದಾಹರಣೆಗಳು ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿವೆ. ಹಗಲೆಲ್ಲ ತಟ್ಟೆ ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಓದಿ ಮುಂದೆ ಬಂದವರೂ ಇದ್ದಾರೆ. ನೆಗೆಯುವ ಶಕ್ತಿ ಅವರಲ್ಲಿ ಇಲ್ಲದಿರಲಿಲ್ಲ, ಬಿಲದಲ್ಲಿ ನಿಧಿಯಿರಲಿಲ್ಲ.

ಎರಡನೆಯದಾಗಿ, ಪರಿವಾರಕ್ಕೂ ಸ್ನೇಹಕ್ಕೂ ಇರುವ ಭೇದವನ್ನು ಈ ಕಥೆ ಬಿಡಿಸಿ ತೋರಿಸುತ್ತದೆ. ಮಠದ ಇಲಿಗಳು ಹಿರಣ್ಯಕನ ಸುತ್ತ ನೆರೆದದ್ದು ಮೇಲಿನಿಂದ ಬೀಳುತ್ತಿದ್ದ ಅನ್ನಕ್ಕಾಗಿ. ಅನ್ನ ನಿಂತಿತು, ನೆರವಿ ಕರಗಿತು. ಅವುಗಳನ್ನು ದೂಷಿಸಿ ಫಲವಿಲ್ಲ. ಹಸಿವು ಅವುಗಳನ್ನು ಹಾಗೆ ನಡೆಸಿತು. ಆದರೆ ಅದನ್ನು ಸ್ನೇಹವೆಂದು ತಿಳಿದಿದ್ದರೆ ತಪ್ಪು ಹಿರಣ್ಯಕನದು. ಕಾಡಿನ ಗೆಳೆಯರಾದರೋ ಅದರ ಬಳಿಗೆ ಬಂದದ್ದು ಎಲ್ಲವನ್ನೂ ಕಳೆದುಕೊಂಡ ಮೇಲೆ. ಇಷ್ಟೆಲ್ಲ ಕಳೆದರೂ ಅದರಲ್ಲಿ ಉಳಿದಿದ್ದ ಸ್ವತ್ತು ಒಂದೇ: ಅದರ ಹಲ್ಲು. ಆ ಹಲ್ಲು ಹಣವಿದ್ದಾಗಲೂ ಇತ್ತು. ಆದರೆ ಅದು ಇನ್ನೊಬ್ಬರ ಕಟ್ಟನ್ನು ಕಡಿಯಬಲ್ಲದು ಎಂಬುದು ಬೆಳಕಿಗೆ ಬಂದದ್ದು ಕಾಡಿನಲ್ಲಿ. ಕಾಗೆಗೆ ರೆಕ್ಕೆ, ಜಿಂಕೆಗೆ ಕಾಲು, ಇಲಿಗೆ ಹಲ್ಲು. ಒಬ್ಬರಲ್ಲಿ ಇಲ್ಲದುದು ಇನ್ನೊಬ್ಬರಲ್ಲಿತ್ತು. ಇದ್ದುದನ್ನು ಎಲ್ಲರೂ ಎಲ್ಲರಿಗಾಗಿ ಬಳಸಿದರು. ಸುಖವೆಂಬುದು ಇಲ್ಲಿ ಗುಡಿಸಲಲ್ಲಿ ಒಂಟಿಯಾಗಿ ಮಲಗಿದವನ ನಿದ್ದೆಯಲ್ಲ. ನಾನು ಇನ್ನೊಬ್ಬರಿಗೆ ಬೇಕಾದವನು, ಇನ್ನೊಬ್ಬರು ನನಗೆ ಇದ್ದಾರೆ ಎಂಬ ನೆಮ್ಮದಿ.

ಸಿರಿ ಮತ್ತು ಸ್ನೇಹ ಎದುರುಬದುರಾದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಪುರಾಣಗಳಲ್ಲಿ ಎರಡು ಜೋಡಿ ಸಹಪಾಠಿಗಳಿದ್ದಾರೆ. ಒಂದು, ಸಾಂದೀಪನಿಯ ಆಶ್ರಮದಲ್ಲಿ ಕೂಡಿ ಓದಿದ ಕೃಷ್ಣ ಮತ್ತು ಕುಚೇಲ. ಮಡದಿಯ ಮಾತಿನಂತೆ ಕುಚೇಲನು ದ್ವಾರಕೆಗೆ ಹೊರಟದ್ದು ಮನೆಯಲ್ಲಿ ಹಸಿವಿದ್ದುದರಿಂದ. ಬಡತನ ಸುಖವೆಂದು ಆ ತಾಯಿ ಒಂದು ಕ್ಷಣವೂ ಭ್ರಮಿಸಲಿಲ್ಲ. ಅವನು ಒಯ್ದದ್ದು ಹಿಡಿ ಅವಲಕ್ಕಿ. ಕೃಷ್ಣನು ಅದನ್ನು ಕಸಿದು ತಿಂದು, ಗೆಳೆಯನು ಬಾಯಿಬಿಟ್ಟು ಕೇಳದಿದ್ದರೂ ಅವನ ಮನೆಯನ್ನು ತುಂಬಿಸಿದನು. ಇನ್ನೊಂದು ಜೋಡಿ ಭರದ್ವಾಜರ ಆಶ್ರಮದಲ್ಲಿ ಕೂಡಿ ಬೆಳೆದ ದ್ರೋಣ ಮತ್ತು ದ್ರುಪದ. ಹಿಟ್ಟಿನ ನೀರು ಕುಡಿದು ಕುಣಿದ ಮಗುವಿನ ತಂದೆ ಹಳೆಯ ಗೆಳೆಯನಾದ ಅರಸನ ಬಳಿಗೆ ಹೋದಾಗ, ಸಿರಿವಂತನಿಗೂ ಬಡವನಿಗೂ ಎಂಥ ಸ್ನೇಹವೆಂಬ ಉತ್ತರ ದೊರೆಯಿತು. ಆ ಒಂದು ಮಾತಿನ ಫಲವನ್ನು ನೋಡಿ. ದ್ರೋಣರು ಶಿಷ್ಯರಿಂದ ದ್ರುಪದನನ್ನು ಕಟ್ಟಿ ತರಿಸಿ ಅರ್ಧ ರಾಜ್ಯವನ್ನು ಕಿತ್ತುಕೊಂಡರು. ದ್ರುಪದನು ದ್ರೋಣವಧೆಗೆಂದೇ ಯಜ್ಞದಿಂದ ಮಗನನ್ನು ಪಡೆದನು. ಕುರುಕ್ಷೇತ್ರದಲ್ಲಿ ದ್ರುಪದನು ದ್ರೋಣರಿಂದಲೂ ದ್ರೋಣರು ಧೃಷ್ಟದ್ಯುಮ್ನನಿಂದಲೂ ಹತರಾದರು. ಹಾಲಿಗಾಗಿ ಅತ್ತಿದ್ದ ಆ ಮಗುವೇ ಬೆಳೆದು, ನಡುರಾತ್ರಿಯಲ್ಲಿ ಪಾಂಡವರ ಪಾಳೆಯವನ್ನು ಹೊಕ್ಕು ಧೃಷ್ಟದ್ಯುಮ್ನನನ್ನು ಕೊಂದನು. ಒಂದು ಹಸುವನ್ನು ಸ್ನೇಹದಿಂದ ಕೊಟ್ಟಿದ್ದರೆ ಎಷ್ಟು ತಲೆಗಳು ಉಳಿಯುತ್ತಿದ್ದವೋ!

ಎರಡು ಕಥೆಗಳಲ್ಲಿಯೂ ಒಬ್ಬನು ಉಳ್ಳವನು, ಒಬ್ಬನು ಇಲ್ಲದವನು. ಭೇದವಿದ್ದುದು ಹಣದಲ್ಲಿ ಅಲ್ಲ. ಆ ಹಣವು ಇಬ್ಬರ ನಡುವೆ ಸೇತುವೆಯಾಯಿತೋ ಗೋಡೆಯಾಯಿತೋ ಎಂಬುದರಲ್ಲಿ. ಮಕ್ಕಳಿಗೆ ಕಲಿಸಬೇಕಾದ ವಿವೇಕ ಇದು.

ಪುರಾಣದ ಮಾತು ಪುರಾಣಕ್ಕಾಯಿತು, ನಿತ್ಯಜೀವನದಲ್ಲಿ ಇದೆಲ್ಲ ಸಾಧ್ಯವೆ ಎಂದು ಕೇಳುವವರು ಬೀಜಾಡಿಯಂಥ ಕಡಲತಡಿಯ ಊರುಗಳ ರಂಪಣಿಯ ಇತಿಹಾಸವನ್ನು ತಿಳಿಯಬೇಕು. ರಂಪಣಿಯೆಂಬುದು ಬಹು ದೊಡ್ಡ ಬಲೆ. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ದೋಣಿಯಲ್ಲಿ ಒಯ್ದು ಕಡಲಲ್ಲಿ ಬಿಲ್ಲಿನಂತೆ ಬಾಗಿಸಿ ಇಳಿಸಿದ ಆ ಬಲೆಯ ಎರಡು ತುದಿಯ ಹಗ್ಗಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಒಂದೇ ಉಸಿರಿನಲ್ಲಿ ಎಳೆಯಬೇಕು. ಬಂಗುಡೆಯೋ ಬೂತಾಯಿಯೋ ಬಂದರೆ ಎಲ್ಲರಿಗೂ ಬಂತು. ಬರದಿದ್ದರೆ ಎಲ್ಲರಿಗೂ ಇಲ್ಲ. ಬಲೆಗಿಷ್ಟು, ದೋಣಿಗಿಷ್ಟು, ದುಡಿದವರಿಗಿಷ್ಟು ಎಂದು ಪಾಲಾಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದವನು ಬಂದು ಹಗ್ಗಕ್ಕೆ ಕೈಹಾಕಿದರೆ ಅವನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಸಿರಿಯನ್ನು ಸ್ನೇಹದಿಂದ ಬೇರ್ಪಡಿಸಲಾಗದಂತೆ ಹೆಣೆದ ಬಲೆ ಅದು.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಕರಾವಳಿಗೆ ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ನಡುಗಡಲಿನಲ್ಲಿ ಅದನ್ನು ಸುತ್ತುವರಿಯುವ ಸಾಮರ್ಥ್ಯ ಅವುಗಳದು. ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು; ಬಲೆಯ ಪಾಲುದಾರರಾಗಿದ್ದ ಹಲವರು ಬೇರೆಯವರ ಬೋಟಿನಲ್ಲಿ ದುಡಿಯುವವರಾದರು. ಯಂತ್ರವು ಕೆಟ್ಟದ್ದೆಂದು ಹೇಳುವುದು ನನ್ನ ಉದ್ದೇಶವಲ್ಲ. ಯಂತ್ರದಿಂದ ಹಣ ಬಂದಿತು. ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡೂ ತಾರಸಿಯೂ ಬಂದವು. ಮೀನುಗಾರರ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಅವನ್ನು ಬೇಡವೆನ್ನುವವನು ಅಂಗಿಯಿಲ್ಲದವನನ್ನು ಸುಖಿಯೆಂದವನಂತೆಯೇ ಮಾತನಾಡಿದಂತಾಗುವುದು. ಆದರೆ ಹಣ ಹೆಚ್ಚಿದಾಗ ಹಗ್ಗ ಹಿಡಿಯುವ ಕೈಗಳು ಕಡಮೆಯಾದವು, ಪಾಲಿನ ಲೆಕ್ಕ ಬದಲಾಯಿತು ಎಂಬುದನ್ನೂ ಮರೆಯಬಾರದು. ಇಂದಿಗೂ ಕಡಲತಡಿಯಲ್ಲಿ ಅಲ್ಲಲ್ಲಿ ಕೈರಂಪಣಿ ಎಳೆಯುವುದನ್ನು ಕಾಣಬಹುದು. ಅದನ್ನು ನೋಡುವ ಮಕ್ಕಳು, ಬಲೆಯಲ್ಲಿ ಎಷ್ಟು ಮೀನು ಬಂತೆಂದು ಕೇಳುವುದರ ಜೊತೆಗೆ ಅದು ಹೇಗೆ ಪಾಲಾಯಿತೆಂದೂ ಕೇಳಲಿ.

ಹಣವನ್ನೇ ಸ್ನೇಹದ ದಾರಿಯಲ್ಲಿ ನಡೆಸಿದ ನಿದರ್ಶನವೂ ನಮ್ಮ ಜಿಲ್ಲೆಯಲ್ಲಿದೆ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಅವರು ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ ಅದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದನು. ಎರಡಾಣೆ ಕೊಡುವವನು ಸಿರಿವಂತನಲ್ಲ. ಆದರೆ ಅಂಥವರ ಎರಡೆರಡು ಆಣೆ ಕೂಡಿ ಬಂಡವಾಳವಾಯಿತು. ಬಡವನು ಸುಖವಾಗಿಯೇ ಇದ್ದಾನೆ, ಅವನಿಗೆ ಉಳಿತಾಯವೇಕೆ ಎಂದು ಆ ಹಿರಿಯರು ಯೋಚಿಸಿದ್ದರೆ ಈ ಕೆಲಸ ನಡೆಯುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಯಲ್ಲಿಯೇ ದಾಸೋಹವನ್ನು ಹೇಳಿದುದರ ಮರ್ಮವೂ ಇದೇ ಜಾತಿಯದು. ದುಡಿದು ಗಳಿಸು, ಗಳಿಸಿದುದನ್ನು ಹಂಚಿ ಉಣ್ಣು. ಗಳಿಸಬೇಡವೆಂದು ಅವರು ಹೇಳಲಿಲ್ಲ. ನಮ್ಮ ಶಾಲೆಗಳ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂಬ ಹೆಸರಿರುವುದು ಆ ಪರಂಪರೆಯ ನೆನಪಿನಿಂದಲೇ. ಹಸಿದ ಹೊಟ್ಟೆಗೆ ಸುಖದ ಕಥೆ ಹೇಳುವ ಮೊದಲು ಅನ್ನ ಬಡಿಸಬೇಕೆಂಬ ತಿಳಿವು ಅದರಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ತೃಪ್ತಿಯು ಸದ್ಗುಣವಲ್ಲವೆ? ಇದ್ದುದರಲ್ಲಿ ಸಂತೋಷಪಡಬೇಕೆಂದು ಹಿರಿಯರೆಲ್ಲ ಹೇಳಿಲ್ಲವೆ? ನಿಜ, ತೃಪ್ತಿ ದೊಡ್ಡ ಗುಣ. ಅದಿಲ್ಲದವನಿಗೆ ಕುಬೇರನ ಭಂಡಾರವೂ ಸಾಲದು. ಆದರೆ ತೃಪ್ತಿಯೆಂಬುದು ಮನುಷ್ಯನು ತನ್ನ ಆಸೆಗೆ ತಾನೇ ಹಾಕಿಕೊಳ್ಳುವ ಎಲ್ಲೆ; ಹಸಿದ ನೆರೆಯವನ ಸುತ್ತ ಕಟ್ಟುವ ಬೇಲಿಯಲ್ಲ. ಎರಡು ಅಂಗಿಯುಳ್ಳವನು ಮೂರನೆಯದು ನನಗೆ ಬೇಡವೆಂದರೆ ಅದು ತೃಪ್ತಿ. ಅಂಗಿಯಿಲ್ಲದವನಿಗೆ, ನಿನಗೆ ಒಂದೂ ಬೇಡವೆಂದರೆ ಅದಕ್ಕೆ ಬೇರೆಯ ಹೆಸರಿದೆ. ಈ ಭೇದವನ್ನು ಅರಿಯುವುದಕ್ಕೆ ಒಂಬತ್ತನೆಯ ತರಗತಿಯ ವಯಸ್ಸು ಚಿಕ್ಕದೇನೂ ಅಲ್ಲ.

ಹಾಗೆಂದು ಸುಖಿಯ ಅಂಗಿಯ ಕಥೆಯನ್ನು ಪುಸ್ತಕಗಳಿಂದ ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಕಥೆಗಳನ್ನು ಹೂಳುವುದರಿಂದ ಬುದ್ಧಿ ಬೆಳೆಯದು, ಪ್ರಶ್ನಿಸುವುದರಿಂದ ಬೆಳೆಯುತ್ತದೆ. ಆ ಕಥೆಯನ್ನು ಹೇಳೋಣ. ಹೇಳಿದ ಮೇಲೆ, ಇದರ ನೀತಿ ಏನೆಂದು ಕೇಳುವ ಬದಲು, ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ, ಇದರಿಂದ ಯಾರ ಹೊರೆ ಇಳಿಯಿತು, ಯಾರ ಚಳಿ ಹಾಗೆಯೇ ಉಳಿಯಿತು ಎಂದು ಕೇಳೋಣ. ಅದರ ಪಕ್ಕದಲ್ಲಿ ಹಿರಣ್ಯಕನ ಕಥೆಯನ್ನಿಟ್ಟು, ಹಣವಿದ್ದಾಗ ನಮ್ಮ ಸುತ್ತ ನೆರೆದವರು ಯಾರು, ಹಣ ಹೋದಾಗ ಉಳಿದವರು ಯಾರು, ನಮ್ಮ ಹಲ್ಲು ಯಾರ ಕಟ್ಟನ್ನು ಕಡಿಯಿತು ಎಂದು ಕೇಳೋಣ.

ತರಗತಿಯೆಂಬುದು ಒಂದು ಅಪೂರ್ವವಾದ ಸ್ಥಳ. ಬೋಟಿನ ಒಡೆಯನ ಮಗನೂ ಬಲೆ ಎಳೆಯುವವನ ಮಗಳೂ ಒಂದೇ ಸೂರಿನಡಿ ಕೂಡಿ ಓದುವ ಅವಕಾಶ ಬಾಳಿನಲ್ಲಿ ಮತ್ತೆ ಎಷ್ಟು ಸಲ ದೊರೆತೀತು! ಕೃಷ್ಣ ಕುಚೇಲರೂ ದ್ರೋಣ ದ್ರುಪದರೂ ಹೀಗೆಯೇ ಒಂದೆಡೆ ಕುಳಿತವರು. ಯಾವ ಜೋಡಿಯಂತೆ ನಾವು ಆಗುತ್ತೇವೆಂಬುದು ನಾವು ಗಳಿಸುವ ಅಂಕಗಳಿಂದಲೋ ನಾಳೆ ಸಂಪಾದಿಸುವ ಸಂಬಳದಿಂದಲೋ ನಿರ್ಧಾರವಾಗುವುದಿಲ್ಲ. ನಮ್ಮ ಬುತ್ತಿಯನ್ನು ಬಿಚ್ಚಿದಾಗ ಪಕ್ಕದವನ ಬುತ್ತಿಯ ಕಡೆಗೆ ನಮ್ಮ ಕಣ್ಣು ಹೋಗುತ್ತದೆಯೇ ಎಂಬುದರಿಂದ ನಿರ್ಧಾರವಾಗುತ್ತದೆ. ಗಳಿಸಿರಿ, ಗಳಿಸುವುದು ಪಾಪವಲ್ಲ. ಆದರೆ ಅಂಗಿಯಿಲ್ಲದವನನ್ನು ಕಂಡಾಗ ಅವನನ್ನು ಸುಖಿಯೆಂದು ಹೊಗಳಿ ಮುಂದೆ ಹೋಗಬೇಡಿರಿ. ಅವನಿಗೊಂದು ಅಂಗಿ ದೊರೆತ ಮೇಲೆ ಸುಖದ ವಿಚಾರವನ್ನು ಅವನ ಜೊತೆಯಲ್ಲಿ ಕುಳಿತು ಮಾತಾಡಬಹುದು. ಆಗ ಆ ಮಾತಿಗೆ ಸ್ನೇಹದ ಬೆಚ್ಚನೆಯೂ ಇರುತ್ತದೆ.